ಬಿ12 ಕಡಿಮೆ ಅಂತ ರಿಪೋರ್ಟ್ ಬಂತು, ಕಾರಣ ಯಾವುದು? ಘಾಟ್ಕೋಪರ್ ಮನೆಗಳಿಂದ ಪರೇಲ್ ಪ್ರಯೋಗಾಲಯದವರೆಗೆ

ಘಾಟ್ಕೋಪರ್‌ನಂಥ ಉಪನಗರದಲ್ಲಿ ಈಗ ರಕ್ತ ಪರೀಕ್ಷೆಗೆ ಮನೆ ಬಿಟ್ಟು ಹೋಗಬೇಕಾಗಿಲ್ಲ. ಆ್ಯಪ್‌ನಲ್ಲಿ 'ಫುಲ್ ಬಾಡಿ ಚೆಕಪ್' ಬುಕ್ ಮಾಡಿದರೆ ಬೆಳಿಗ್ಗೆ ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುತ್ತಾರೆ. ಸಂಜೆಯೊಳಗೆ ವಾಟ್ಸಾಪ್‌ಗೆ ಪಿಡಿಎಫ್ ಬರುತ್ತದೆ. ಸಕ್ಕರೆ, ಕೊಲೆಸ್ಟ್ರಾಲ್ ಎಲ್ಲ ಸರಿ ಇದ್ದರೂ ಎರಡು ಸಾಲು ಮಾತ್ರ ಕೆಂಪಾಗಿರುತ್ತವೆ: ವಿಟಮಿನ್ ಬಿ12 ಮತ್ತು ವಿಟಮಿನ್ ಡಿ.

ಆಮೇಲೆ ಶುರುವಾಗುವುದು ಕಾರಣಗಳ ಸುರಿಮಳೆ. 'ನೀವು ಸಸ್ಯಾಹಾರಿಗಳಲ್ವಾ, ಅದಕ್ಕೇ' ಎನ್ನುತ್ತಾರೆ ಒಬ್ಬರು. ಗ್ಯಾಸ್ ಮಾತ್ರೆ ನುಂಗಿ ನುಂಗಿ ಹೀಗಾಯಿತು ಎನ್ನುತ್ತಾರೆ ಇನ್ನೊಬ್ಬರು. ಫಿಲ್ಟರ್ ನೀರು, ಪ್ಯಾಕೆಟ್ ಹಾಲು, ಬಿಸಿಲು ಬೀಳದ ಫ್ಲ್ಯಾಟು, ಹೀಗೆ ಪಟ್ಟಿ ಬೆಳೆಯುತ್ತದೆ. ಗುಜರಾತಿ ಮತ್ತು ಜೈನ ಕುಟುಂಬಗಳು ಹೆಚ್ಚಿರುವ ಘಾಟ್ಕೋಪರ್‌ನಲ್ಲಿ 'ಸಸ್ಯಾಹಾರವೇ ಕಾರಣ' ಎಂಬ ಉತ್ತರ ಮೊದಲೇ ಸಿದ್ಧವಾಗಿರುತ್ತದೆ. ಆದರೆ ಅದೇ ಕಟ್ಟಡದಲ್ಲಿ ವಾರಕ್ಕೆ ನಾಲ್ಕು ದಿನ ಮೀನು ತಿನ್ನುವ ಕರಾವಳಿಯ ಕುಟುಂಬದವರ ರಿಪೋರ್ಟ್‌ನಲ್ಲೂ ಅದೇ ಸಾಲು ಕೆಂಪಾಗಿ ಬಂದರೆ ಏನು ಹೇಳುವುದು?

ಕೊರತೆ ಇದೆ ಎಂದು ತಿಳಿಯುವುದು ಒಂದು ವಿಷಯ, ಅದರ ಕಾರಣ ತಿಳಿಯುವುದು ಬೇರೆಯೇ ವಿಷಯ. ಮೊದಲನೆಯದನ್ನು ಯಂತ್ರ ಹೇಳುತ್ತದೆ. ಎರಡನೆಯದಕ್ಕೆ ಪುರಾವೆ ಬೇಕು. ಆ ಪುರಾವೆ ಎಷ್ಟು ಗಟ್ಟಿ ಎಂದು ಕೇಳದೆ ಮಾತ್ರೆ ನುಂಗಿದರೆ ಹಣ ಮಾತ್ರ ಹೋಗುವುದಿಲ್ಲ, ಕೆಲವೊಮ್ಮೆ ನರಗಳಿಗೆ ಆಗುವ ಹಾನಿಯೂ ಕಣ್ಣಿಗೆ ಬೀಳದೆ ಮುಂದುವರಿಯುತ್ತದೆ.

ಸಂಖ್ಯೆ ಹೇಳುವುದು ಎಷ್ಟು?

ಬಿ12 ಅನ್ನು ಗಿಡ, ಪ್ರಾಣಿ ಎರಡೂ ತಯಾರಿಸುವುದಿಲ್ಲ. ಅದನ್ನು ತಯಾರಿಸುವುದು ಬ್ಯಾಕ್ಟೀರಿಯಾ ಮತ್ತು ಅವುಗಳಂಥ ಕೆಲವು ಸೂಕ್ಷ್ಮಜೀವಿಗಳು. ನಮಗೆ ಅದು ಸಿಗುವುದು ಮಾಂಸ, ಮೀನು, ಮೊಟ್ಟೆ, ಹಾಲು, ಮೊಸರಿನ ಮೂಲಕ. ದಿನಕ್ಕೆ ಬೇಕಾಗಿರುವುದು ಎರಡರಿಂದ ಎರಡೂವರೆ ಮೈಕ್ರೋಗ್ರಾಂ ಮಾತ್ರ. ಯಕೃತ್ತಿನಲ್ಲಿ ಇದರ ಸಾವಿರ ಪಟ್ಟು ಸಂಗ್ರಹ ಇರಬಹುದಾದ್ದರಿಂದ ಇವತ್ತು ಊಟ ಬದಲಾಯಿಸಿದವರಿಗೆ ಕೊರತೆ ಕಾಣಿಸಿಕೊಳ್ಳಲು ವರ್ಷಗಳೇ ಹಿಡಿಯುತ್ತವೆ. ತಿಂದದ್ದು ರಕ್ತ ಸೇರಬೇಕಾದರೆ ಹೊಟ್ಟೆಯ ಆಮ್ಲ ಬೇಕು, ಜಠರ ಸ್ರವಿಸುವ ಒಂದು ವಿಶೇಷ ಪ್ರೋಟೀನ್ ಬೇಕು, ಸಣ್ಣ ಕರುಳಿನ ಕೊನೆಯ ಭಾಗ ಆರೋಗ್ಯವಾಗಿರಬೇಕು. ಅಂದರೆ ತಪ್ಪು ತಟ್ಟೆಯಲ್ಲಿರಬಹುದು, ಹೊಟ್ಟೆಯಲ್ಲಿರಬಹುದು, ಕರುಳಿನಲ್ಲಿರಬಹುದು, ದಿನಾ ನುಂಗುವ ಬೇರೆ ಮಾತ್ರೆಯಲ್ಲೂ ಇರಬಹುದು. ಎಲ್ಲದರ ಫಲವೂ ರಿಪೋರ್ಟ್‌ನಲ್ಲಿ ಅದೇ ಕೆಂಪು ಸಾಲು.

ಸಂಖ್ಯೆಯೂ ನಾವು ಅಂದುಕೊಂಡಷ್ಟು ನೇರವಲ್ಲ. ಸಾಮಾನ್ಯವಾಗಿ ಮಿಲಿಲೀಟರ್‌ಗೆ 200 ಪಿಕೋಗ್ರಾಂಗಿಂತ ಕೆಳಗಿದ್ದರೆ ಕೊರತೆ ಎನ್ನುತ್ತಾರೆ. 200ರಿಂದ 300ರ ನಡುವಿನದು ಅನುಮಾನದ ವಲಯ. ಸಾಮಾನ್ಯ ಪರೀಕ್ಷೆ ರಕ್ತದಲ್ಲಿರುವ ಒಟ್ಟು ಬಿ12 ಅನ್ನು ಅಳೆಯುತ್ತದೆ. ಅದರಲ್ಲಿ ದೊಡ್ಡ ಪಾಲು ಜೀವಕೋಶಗಳಿಗೆ ಸುಲಭವಾಗಿ ಸಿಗದ ರೂಪದಲ್ಲಿರುತ್ತದೆ. ಗರ್ಭಿಣಿಯರಲ್ಲಿ ನಿಜವಾದ ಕೊರತೆ ಇಲ್ಲದಿದ್ದರೂ ಈ ಸಂಖ್ಯೆ ಇಳಿಯುತ್ತದೆ. ಕೂದಲು, ಉಗುರಿಗೆಂದು ಹೆಚ್ಚಿನ ಪ್ರಮಾಣದ ಬಯೋಟಿನ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಕೆಲವು ಬಗೆಯ ಯಂತ್ರಗಳು ಬಿ12 ಮತ್ತು ಡಿ ಎರಡನ್ನೂ ಇರುವುದಕ್ಕಿಂತ ಜಾಸ್ತಿ ತೋರಿಸಬಹುದು. ಬಯೋಟಿನ್ ಲ್ಯಾಬ್ ಪರೀಕ್ಷೆಗಳ ಫಲಿತಾಂಶ ಕೆಡಿಸುತ್ತದೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲೇ ಎಚ್ಚರಿಸಿತ್ತು. ಬ್ಯೂಟಿ ಪ್ಯಾಕ್ ಕೊಳ್ಳುವಾಗ ಇದನ್ನು ಯಾರೂ ಹೇಳುವುದಿಲ್ಲ ಎನ್ನುವುದು ಬೇರೆ ಮಾತು.

ಅನುಮಾನ ಇದ್ದಾಗ ವೈದ್ಯರು ಹೋಮೋಸಿಸ್ಟೀನ್, ಮೀಥೈಲ್ ಮಲೋನಿಕ್ ಆಮ್ಲದ ಪರೀಕ್ಷೆ ಬರೆಯುವುದು ಇದಕ್ಕೇ. ಜೀವಕೋಶದೊಳಗೆ ಬಿ12 ಸಾಲದೆ ಹೋದಾಗ ಇವು ರಕ್ತದಲ್ಲಿ ಏರುತ್ತವೆ.

ಪುಣೆಯ 441 ಗಂಡಸರು

ಮುಂಬೈಗೆ ಹತ್ತಿರದ ಒಂದು ಒಳ್ಳೆಯ ಅಧ್ಯಯನ ಪುಣೆಯದು. ಅಲ್ಲಿನ ಕೆಇಎಂ ಆಸ್ಪತ್ರೆ ಸಂಶೋಧನಾ ಕೇಂದ್ರದ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಸಂಗಡಿಗರು ಹಳ್ಳಿ, ಕೊಳೆಗೇರಿ ಮತ್ತು ನಗರದ ಮಧ್ಯಮ ವರ್ಗದಿಂದ ಆರಿಸಿದ 441 ಆರೋಗ್ಯವಂತ ಮಧ್ಯವಯಸ್ಕ ಗಂಡಸರ ರಕ್ತ ಪರೀಕ್ಷಿಸಿ 2006ರಲ್ಲಿ ವರದಿ ಪ್ರಕಟಿಸಿದರು. ಶೇ 67 ಮಂದಿಯಲ್ಲಿ ಬಿ12 ಕಡಿಮೆ ಇತ್ತು. ಮಾಂಸಾಹಾರ ಆಗಾಗ ಸೇವಿಸುವವರಿಗೆ ಹೋಲಿಸಿದರೆ ಸಸ್ಯಾಹಾರಿಗಳಲ್ಲಿ ಈ ಸಾಧ್ಯತೆ ನಾಲ್ಕು ಪಟ್ಟಿಗೂ ಹೆಚ್ಚು.

ಅಲ್ಲಿಗೆ ಸಸ್ಯಾಹಾರವೇ ಕಾರಣ ಎಂದು ಮುಗಿಸಬಹುದಿತ್ತು. ಆದರೆ ಅದೇ ವರದಿಯ ಇನ್ನೊಂದು ಸಂಖ್ಯೆ ನೋಡಿ. ಕೊಳೆಗೇರಿಯವರಲ್ಲಿ ಬಿ12 ಕಡಿಮೆ ಇದ್ದವರು ಶೇ 51, ನಗರದ ಮಧ್ಯಮ ವರ್ಗದಲ್ಲಿ ಶೇ 81. ಹಾಲು, ಪನೀರ್ ಕೊಳ್ಳುವ ಶಕ್ತಿ ಇರುವವರಲ್ಲೇ ಹೆಚ್ಚು ಕೊರತೆ! ಊಟವೇ, ಕರುಳೇ, ಸ್ವಚ್ಛತೆಯೇ, ಮಾತ್ರೆಗಳೇ? ಒಂದೇ ದಿನ ರಕ್ತ ತೆಗೆದು, ಒಂದೇ ದಿನ ಊಟದ ಪ್ರಶ್ನೆ ಕೇಳುವ ಅಧ್ಯಯನಕ್ಕೆ ಇದರ ಉತ್ತರ ಹೇಳುವ ಶಕ್ತಿ ಇಲ್ಲ. ಎರಡು ಸಂಗತಿ ಒಟ್ಟಿಗೆ ಇವೆ ಎಂದಷ್ಟೇ ಅದು ತೋರಿಸುತ್ತದೆ.

ಈ ಶೇ 67 ಅನ್ನು 'ಭಾರತೀಯರಲ್ಲಿ ಮೂರರಲ್ಲಿ ಇಬ್ಬರಿಗೆ ಕೊರತೆ' ಎಂದು ಎಳೆಯುವುದೂ ತಪ್ಪು. 2016-18ರ ಕೇಂದ್ರ ಸರ್ಕಾರದ ಸಮಗ್ರ ರಾಷ್ಟ್ರೀಯ ಪೌಷ್ಟಿಕತೆ ಸಮೀಕ್ಷೆಯಲ್ಲಿ 10ರಿಂದ 19 ವರ್ಷದವರಲ್ಲಿ ಬಿ12 ಕೊರತೆ ಕಂಡದ್ದು ಶೇ 31ರಲ್ಲಿ. ವಯಸ್ಸು ಬೇರೆ, ಊರು ಬೇರೆ, ಆರಿಸಿದ ರೀತಿ ಬೇರೆ. ಹೆಡ್‌ಲೈನ್‌ನಲ್ಲಿ ಮಾತ್ರ ಎಲ್ಲವೂ ಒಂದೇ ಆಗಿಬಿಡುತ್ತವೆ.

ಪರೇಲ್‌ನಲ್ಲಿ ನಡೆದ ಹುಡುಕಾಟ

ಹಾಗಾದರೆ ಕಾರಣ ಸಿದ್ಧವಾಗುವುದು ಹೇಗೆ? ಇದಕ್ಕೆ ಜಗತ್ತೇ ಓದುವ ಉದಾಹರಣೆ ಇದೇ ಊರಿನದು. ಘಾಟ್ಕೋಪರ್‌ನಲ್ಲಿ ಸಿಎಸ್‌ಎಂಟಿ ಕಡೆಯ ಸ್ಲೋ ಲೋಕಲ್ ಹತ್ತಿದರೆ ದಾದರ್ ದಾಟಿದ ಕೂಡಲೇ ಪರೇಲ್. ಅಲ್ಲಿನ ಹಾಫ್ಕಿನ್ ಇನ್‌ಸ್ಟಿಟ್ಯೂಟ್‌ಗೆ 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಬಂದರು. ಬಾಂಬೆಯ ಬಟ್ಟೆ ಗಿರಣಿಗಳಲ್ಲಿ ದುಡಿಯುವ ಬಡ ಹೆಂಗಸರಿಗೆ ಗರ್ಭಿಣಿಯಾದಾಗ ಒಂದು ಬಗೆಯ ತೀವ್ರ ರಕ್ತಹೀನತೆ ಬರುತ್ತಿತ್ತು. ಕೆಂಪು ರಕ್ತಕಣಗಳು ಊದಿಕೊಂಡು ದೊಡ್ಡದಾಗಿ, ಸಂಖ್ಯೆಯಲ್ಲಿ ಕಡಿಮೆಯಾಗುತ್ತಿದ್ದವು. ಎಷ್ಟೋ ತಾಯಂದಿರು ಸಾಯುತ್ತಿದ್ದರು. ಇಂದಿನ ಐಸಿಎಂಆರ್‌ನ ಹಿಂದಿನ ರೂಪವಾದ ಇಂಡಿಯನ್ ರಿಸರ್ಚ್ ಫಂಡ್ ಅಸೋಸಿಯೇಷನ್ ತಾಯಂದಿರ ಮರಣದ ವಿಚಾರಣೆ ಆರಂಭಿಸಿತ್ತು. ವಿಲ್ಸ್ ಕೆಲಸ ಅದರ ಭಾಗ.

ಅವರು ಮೊದಲು ಅನುಮಾನಿಸಿದ್ದು ಸೋಂಕನ್ನು. ಮಲ ಪರೀಕ್ಷೆ ಮಾಡಿದರು, ಮನೆಯ ಸ್ಥಿತಿ ನೋಡಿದರು. ಸೋಂಕಿನಿಂದ ವಿವರಿಸಲು ಆಗಲಿಲ್ಲ. ಯಾರು ಏನು ತಿನ್ನುತ್ತಾರೆ ಎಂದು ವರ್ಗವಾರು ನೋಡಿದಾಗ ಒಂದು ಎಳೆ ಸಿಕ್ಕಿತು. ಹಣ್ಣು, ತರಕಾರಿ, ಪ್ರೋಟೀನ್ ತೀರ ಕಡಿಮೆ ಇದ್ದ ಬಡ ಮುಸ್ಲಿಂ ಮಹಿಳೆಯರಲ್ಲೇ ಈ ಕಾಯಿಲೆ ಹೆಚ್ಚು.

ಗಮನಿಸಿ, ಇದು ಪುಣೆ ಅಧ್ಯಯನದಂಥದೇ ಪುರಾವೆ. ಬಡತನ, ಗಾಳಿ ಬೆಳಕಿಲ್ಲದ ಚಾಳಿನ ಕೋಣೆ, ಒಂದರ ಹಿಂದೊಂದು ಹೆರಿಗೆ ಎಲ್ಲವೂ ಅದೇ ಹೆಂಗಸರ ಪಾಲಿಗಿದ್ದವು. ಬೇರೆ ಯಾರಾದರೂ ಆಗಿದ್ದರೆ 'ಅವರ ಆಹಾರ ಪದ್ಧತಿಯೇ ಸರಿ ಇಲ್ಲ' ಎಂದು ಬರೆದು ಹಡಗು ಹತ್ತುತ್ತಿದ್ದರೇನೋ. ವಿಲ್ಸ್ ಅದನ್ನು ಪರೀಕ್ಷೆಗೆ ಒಡ್ಡಿದರು.

ಆ ಹೆಂಗಸರ ಊಟವನ್ನೇ ಹೋಲುವ ಆಹಾರವನ್ನು ಇಲಿಗಳಿಗೆ ತಿನ್ನಿಸಿದರು. ಗರ್ಭಧರಿಸಿದ ಇಲಿಗಳಿಗೆ ರಕ್ತಹೀನತೆ ಬಂತು. ಯೀಸ್ಟ್ ಸೇರಿಸಿ ಕೊಟ್ಟಾಗ ತಪ್ಪಿತು. ಉತ್ತರ ಸಿಕ್ಕಿಯೇ ಬಿಟ್ಟಿತಲ್ಲ ಎನ್ನಿಸುತ್ತದೆ. ಆದರೆ ಮುಂದೆ ಗೊತ್ತಾಗಿದ್ದೇ ಬೇರೆ. ಆ ಇಲಿಗಳ ರಕ್ತಹೀನತೆಯ ಹಿಂದೆ ಬಾರ್ಟೊನೆಲ್ಲಾ ಎಂಬ ಸೂಕ್ಷ್ಮಾಣು ಇತ್ತು. ಅದನ್ನು ಹರಡುತ್ತಿದ್ದುದು ಇಲಿಗಳ ಮೈಮೇಲಿನ ಹೇನು! ಊಟ ಬದಲಾಯಿಸಿದಾಗ ಕಾಯಿಲೆ ಬಂತು, ಯೀಸ್ಟ್ ಕೊಟ್ಟಾಗ ತಪ್ಪಿತು ಎನ್ನುವಷ್ಟು ಚೊಕ್ಕವಾಗಿದ್ದ ಪುರಾವೆಯೂ ಹೀಗೆ ಕೈಕೊಡಬಹುದು.

ಕೆಲಸ ಅಲ್ಲಿಗೆ ನಿಲ್ಲಲಿಲ್ಲ. ತಮಿಳುನಾಡಿನ ಕೂನೂರಿನಲ್ಲಿ, ಮದ್ರಾಸಿನ ಆಸ್ಪತ್ರೆಯಲ್ಲಿ ಕೂಡ ವಿಲ್ಸ್ ದುಡಿದರು. ಮಂಗಗಳ ಮೇಲೆ ಅದೇ ಆಹಾರದ ಪ್ರಯೋಗ ನಡೆಯಿತು, ಅವಕ್ಕೂ ದೊಡ್ಡ ಕಣಗಳ ರಕ್ತಹೀನತೆ ಬಂತು. ಮಾರ್ಮೈಟ್ ಎಂಬ ಕಪ್ಪನೆಯ, ಉಪ್ಪುಪ್ಪಾದ ಯೀಸ್ಟ್ ಸಾರವನ್ನು ಕೊಟ್ಟಾಗ ವಾಸಿಯಾಯಿತು. ಇಂಗ್ಲಿಷರು ಬ್ರೆಡ್ಡಿಗೆ ಸವರಿಕೊಂಡು ತಿನ್ನುವ ಅಗ್ಗದ ಪದಾರ್ಥ ಅದು. ರೋಗಿಗಳಿಗೂ ಅದನ್ನೇ ಕೊಟ್ಟು, ರಕ್ತದಲ್ಲಿ ಹೊಸ ಕಣಗಳು ಹುಟ್ಟುವುದನ್ನು ಎಣಿಸಿದರು. 1931ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಈ ಫಲಿತಾಂಶ ಪ್ರಕಟವಾಯಿತು.

ಆಗ ಅದಕ್ಕೆ ಹೆಸರಿರಲಿಲ್ಲ. 'ವಿಲ್ಸ್ ಫ್ಯಾಕ್ಟರ್' ಎಂದೇ ಕರೆದರು. ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಪರ್ನಿಷಿಯಸ್ ಅನೀಮಿಯಾ ಎಂಬ ರಕ್ತಹೀನತೆಗೆ ಯಕೃತ್ತು ತಿನ್ನಿಸುವ ಚಿಕಿತ್ಸೆ 1926ರಿಂದ ಬಳಕೆಯಲ್ಲಿತ್ತು. ಬಾಂಬೆಯ ಹೆಂಗಸರಿಗೂ ಶುದ್ಧೀಕರಿಸದ ಯಕೃತ್ತಿನ ಸಾರ ಕೆಲಸ ಮಾಡುತ್ತಿತ್ತು. ಚೆನ್ನಾಗಿ ಶುದ್ಧೀಕರಿಸಿದ ಸಾರ ಮಾತ್ರ ಕೆಲಸ ಮಾಡಲಿಲ್ಲ. ಅಂದರೆ ಸೂಕ್ಷ್ಮದರ್ಶಕದಲ್ಲಿ ಒಂದೇ ಥರ ಕಾಣುವ ಎರಡು ಕಾಯಿಲೆಗಳ ಹಿಂದೆ ಎರಡು ಬೇರೆ ಕೊರತೆಗಳಿವೆ! 1941ರಲ್ಲಿ ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿದ ಪದಾರ್ಥಕ್ಕೆ ಎಲೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಫೋಲಿಕ್ ಆ್ಯಸಿಡ್ ಎಂದು ಹೆಸರಿಟ್ಟರು. 1945ರಲ್ಲಿ ಅದು ಕೃತಕವಾಗಿ ತಯಾರಾಯಿತು. ಪರ್ನಿಷಿಯಸ್ ಅನೀಮಿಯಾದ ಕೊರತೆಯಾದ ಬಿ12 ಪ್ರತ್ಯೇಕವಾಗಿ ಸಿಕ್ಕಿದ್ದು 1948ರಲ್ಲಿ.

ರಕ್ತ ಸರಿಹೋಯಿತು, ನರ ಹಾಳಾಯಿತು

ಈ ಎರಡರ ನಡುವಿನ ಗೊಂದಲ ಎಷ್ಟು ಅಪಾಯ ಎನ್ನುವುದು 1940ರ ದಶಕದ ಕೊನೆಯಲ್ಲೇ ತಿಳಿಯಿತು. ಬಿ12 ಕೊರತೆ ಇದ್ದವರಿಗೆ ಫೋಲಿಕ್ ಆ್ಯಸಿಡ್ ಕೊಟ್ಟಾಗ ಹಿಮೋಗ್ಲೋಬಿನ್ ಏರಿತು, ಮುಖದಲ್ಲಿ ಕಳೆ ಬಂತು. ಆದರೆ ಕಾಲಿನ ಜೋಮು, ನಡಿಗೆಯ ತೂರಾಟ ಹೆಚ್ಚುತ್ತಾ ಹೋಯಿತು. ರಕ್ತಕ್ಕೆ ಫೋಲಿಕ್ ಆ್ಯಸಿಡ್ ಸಾಕಾಯಿತು, ನರಗಳಿಗೆ ಸಾಕಾಗಲಿಲ್ಲ. ತಡವಾದರೆ ನರಗಳಿಗಾದ ಹಾನಿ ಪೂರ್ತಿ ಹಿಂದಿರುಗುವುದಿಲ್ಲ.

ನಮ್ಮಲ್ಲಿ ಇದು ಇವತ್ತಿಗೂ ಮುಖ್ಯ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 57 ಮಂದಿಗೆ ರಕ್ತಹೀನತೆ ಇದೆ. ಅನೀಮಿಯಾ ಮುಕ್ತ ಭಾರತ ಯೋಜನೆಯಡಿ ಗರ್ಭಿಣಿಯರಿಗೆ ಕೊಡುವ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶ, 500 ಮೈಕ್ರೋಗ್ರಾಂ ಫೋಲಿಕ್ ಆ್ಯಸಿಡ್ ಇರುತ್ತದೆ. ಬಿ12 ಇರುವುದಿಲ್ಲ. ಇದನ್ನು ಓದಿ ಯಾರೂ ಆ ಮಾತ್ರೆ ಬಿಡಬಾರದು. ಗರ್ಭಿಣಿಗೆ ಕಬ್ಬಿಣ ಮತ್ತು ಫೋಲಿಕ್ ಆ್ಯಸಿಡ್ ಬೇಕು ಎನ್ನುವುದಕ್ಕೆ ಇರುವ ಪುರಾವೆ ತುಂಬ ಗಟ್ಟಿ. ಮಗುವಿನ ಮಿದುಳುಬಳ್ಳಿಯ ದೋಷ ಮರುಕಳಿಸುವುದನ್ನು ಫೋಲಿಕ್ ಆ್ಯಸಿಡ್ ಶೇ 72ರಷ್ಟು ತಗ್ಗಿಸುತ್ತದೆ ಎಂದು ಏಳು ದೇಶಗಳ ಪ್ರಯೋಗ 1991ರಲ್ಲಿ ತೋರಿಸಿದೆ. ಆದರೆ ಮಾತ್ರೆ ತಪ್ಪದೆ ನುಂಗುತ್ತಿದ್ದರೂ ಕೈಕಾಲು ಜೋಮು ಹಿಡಿಯುತ್ತಿದ್ದರೆ, ಅದರಲ್ಲೂ ಹಾಲು, ಮೊಟ್ಟೆ, ಮಾಂಸ ಕಡಿಮೆ ಇರುವ ಮನೆಯವರಾದರೆ, ಬಿ12 ಬಗ್ಗೆ ವೈದ್ಯರನ್ನು ಕೇಳಲೇಬೇಕು.

ಜೋಳದ ರೊಟ್ಟಿಯ ಮೇಲೆ ಬಂದ ಆರೋಪ

ಕಾರಣದ ವಾದ ದಶಕಗಟ್ಟಲೆ ಇತ್ಯರ್ಥವಾಗದೆ ಉಳಿಯುವುದೂ ಉಂಟು. ರೊಟ್ಟಿ ಉಣ್ಣುವ ಕನ್ನಡಿಗರಿಗೆ ಹತ್ತಿರದ ಉದಾಹರಣೆ ಪೆಲಾಗ್ರ. ನಯಾಸಿನ್ ಎಂಬ ಬಿ ಗುಂಪಿನ ವಿಟಮಿನ್ ಕೊರತೆಯಿಂದ ಬಿಸಿಲು ತಾಗುವ ಚರ್ಮ ಕಪ್ಪಾಗಿ ಸುಲಿಯುವ, ಭೇದಿ ಹಾಗೂ ಮಾನಸಿಕ ಗೊಂದಲ ತರುವ ಕಾಯಿಲೆ ಇದು. ದಖ್ಖನ್ ಪ್ರಸ್ಥಭೂಮಿಯಲ್ಲಿ ಜೋಳವೇ ಮುಖ್ಯ ಊಟವಾಗಿದ್ದ ಬಡವರಲ್ಲಿ ಇದು ಕಾಣುತ್ತಿತ್ತು. ವಿಚಿತ್ರವೆಂದರೆ ಜೋಳದಲ್ಲಿ ನಯಾಸಿನ್ ಅಕ್ಕಿಗಿಂತ ಕಡಿಮೆಯೇನಲ್ಲ, ಆದರೂ ಅಕ್ಕಿ ಉಣ್ಣುವವರಿಗೆ ಪೆಲಾಗ್ರ ಬರುತ್ತಿರಲಿಲ್ಲ. ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಎಂಬ ಅಮೈನೋ ಆಮ್ಲ ನಯಾಸಿನ್‌ಗೆ ಅಡ್ಡಿ ಮಾಡುತ್ತದೆ ಎಂಬ ವಾದವನ್ನು ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಾಂತಯ್ಯ 1960ರಲ್ಲಿ ಮುಂದಿಟ್ಟರು. ಜಾಣ ವಾದ, ಪ್ರಯೋಗಗಳ ಬೆಂಬಲವೂ ಇತ್ತು. ಆದರೆ ಬೇರೆ ಪ್ರಯೋಗಾಲಯಗಳಲ್ಲಿ ಫಲಿತಾಂಶ ಒಂದೇ ರೀತಿ ಬರಲಿಲ್ಲ. ಊಟದಲ್ಲಿ ಬೇಳೆ, ಹಾಲು, ತರಕಾರಿ ಸೇರಿದವರಿಗೆ ಜೋಳದಿಂದ ಪೆಲಾಗ್ರ ಬರುವುದಿಲ್ಲ ಎನ್ನುವುದಂತೂ ಖಚಿತ. ರೊಟ್ಟಿ ಬಿಡಬೇಕಾಗಿಲ್ಲ.

ಶುಗರ್ ಮಾತ್ರೆ ಮತ್ತು ಬಿ12

ಈಗ ಗಟ್ಟಿ ಪುರಾವೆ ಹೇಗಿರುತ್ತದೆ ಎನ್ನುವುದಕ್ಕೊಂದು ಉದಾಹರಣೆ. ಮಧುಮೇಹಿಗಳು ನುಂಗುವ ಮೆಟ್‌ಫಾರ್ಮಿನ್ ಬಿ12 ತಗ್ಗಿಸುತ್ತದೆ ಎಂಬ ಅನುಮಾನ ಹಳೆಯದು. ಆದರೆ ಮೆಟ್‌ಫಾರ್ಮಿನ್ ನುಂಗುವವರೆಲ್ಲ ಮಧುಮೇಹಿಗಳೇ, ಹೆಚ್ಚಿನವರು ವಯಸ್ಸಾದವರು, ಪಥ್ಯ ಮಾಡುವವರು. ಇಳಿಕೆಗೆ ಮಾತ್ರೆ ಕಾರಣವೋ, ಕಾಯಿಲೆ ಕಾರಣವೋ? ನೆದರ್‌ಲೆಂಡ್ಸ್‌ನಲ್ಲಿ ಇನ್ಸುಲಿನ್ ಪಡೆಯುತ್ತಿದ್ದ 390 ರೋಗಿಗಳನ್ನು ಲಾಟರಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ಮೆಟ್‌ಫಾರ್ಮಿನ್, ಇನ್ನೊಂದಕ್ಕೆ ಔಷಧವಿಲ್ಲದ ಮಾತ್ರೆ ಕೊಟ್ಟು ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿದರು. ಎರಡೂ ಗುಂಪಿನವರ ವಯಸ್ಸು, ಊಟ, ಕಾಯಿಲೆ ಹೆಚ್ಚುಕಡಿಮೆ ಒಂದೇ. ಔಷಧವಿಲ್ಲದ ಮಾತ್ರೆಯವರಿಗೆ ಹೋಲಿಸಿದರೆ ಮೆಟ್‌ಫಾರ್ಮಿನ್ ಗುಂಪಿನಲ್ಲಿ ಬಿ12 ಶೇ 19ರಷ್ಟು ಇಳಿಯಿತು. 2010ರಲ್ಲಿ ಇದು ಪ್ರಕಟವಾಯಿತು. ಮೆಟ್‌ಫಾರ್ಮಿನ್ ನುಂಗುವವರಲ್ಲಿ ಕೊರತೆಯ ಲಕ್ಷಣ ಕಂಡರೆ ಬಿ12 ಪರೀಕ್ಷಿಸಿ ಎಂದು ಬ್ರಿಟನ್‌ನ ಔಷಧ ನಿಯಂತ್ರಕರು 2022ರಲ್ಲಿ ಸೂಚಿಸಿದರು.

ಮೀನು ತಿನ್ನುವ ಮನೆಯಲ್ಲೂ ಬಿ12 ಯಾಕೆ ಕಡಿಮೆ ಎಂಬ ಪ್ರಶ್ನೆಗೆ ಎಷ್ಟೋ ಬಾರಿ ಉತ್ತರ ಇಲ್ಲಿರಬಹುದು. ಮಧುಮೇಹಿಯ ಪಾದದ ಉರಿ, ಜೋಮನ್ನು 'ಶುಗರ್‌ನದ್ದೇ' ಎಂದು ಬಿಟ್ಟುಬಿಡುವುದು ಸುಲಭ. ಬಿ12 ಕೊರತೆಯೂ ಅದೇ ರೀತಿ ಕಾಣಿಸಿಕೊಳ್ಳುತ್ತದೆ. ಆದರೆ ಮೆಟ್‌ಫಾರ್ಮಿನ್ ನಿಲ್ಲಿಸುವುದು ಪರಿಹಾರವಲ್ಲ, ಬಿ12 ಸೇರಿಸಿಕೊಳ್ಳುವುದು ಪರಿಹಾರ.

ಡಿ ವಿಷಯದಲ್ಲಿ ತಲೆಕೆಳಗಾದ ನಂಬಿಕೆ

ವಿಟಮಿನ್ ಡಿ ಕಥೆ ಇದಕ್ಕೆ ವಿರುದ್ಧ ದಿಕ್ಕಿನದು. ಡಿ ಕಡಿಮೆ ಇರುವವರಲ್ಲಿ ಹೃದಯದ ಕಾಯಿಲೆ, ಕ್ಯಾನ್ಸರ್ ಹೆಚ್ಚು ಎಂದು ನೂರಾರು ಅಧ್ಯಯನಗಳು ಹೇಳಿದವು. ಆದರೆ ಕಾಯಿಲೆ ಬಿದ್ದವರು, ಬೊಜ್ಜು ಇರುವವರು ಬಿಸಿಲಿಗೆ ಹೋಗುವುದೂ ಕಡಿಮೆ. ಕಾಯಿಲೆಯಿಂದ ಡಿ ಇಳಿಯಿತೋ, ಡಿ ಇಳಿದು ಕಾಯಿಲೆ ಬಂತೋ? ಅಮೆರಿಕದಲ್ಲಿ 25,871 ಮಂದಿಯ ಮೇಲೆ ನಡೆದ 'ವೈಟಲ್' ಪ್ರಯೋಗದಲ್ಲಿ ದಿನಕ್ಕೆ 2000 ಯೂನಿಟ್ ಡಿ ಕೊಟ್ಟರೂ ಕ್ಯಾನ್ಸರ್ ಬರುವುದಾಗಲಿ, ಹೃದಯಾಘಾತವಾಗಲಿ ಕಡಿಮೆಯಾಗಲಿಲ್ಲ. ಮಿತಿಯ ಗೆರೆಯೂ ಗಟ್ಟಿಯಲ್ಲ. 2011ರಲ್ಲಿ 30 ನ್ಯಾನೋಗ್ರಾಂ ಇರಬೇಕು ಎಂದಿದ್ದ ಅಮೆರಿಕದ ಎಂಡೋಕ್ರೈನ್ ಸೊಸೈಟಿ 2024ರಲ್ಲಿ ಆ ಗೆರೆಯನ್ನು ಕೈಬಿಟ್ಟು, ಆರೋಗ್ಯವಂತರಿಗೆ ಸುಮ್ಮನೆ ಡಿ ಪರೀಕ್ಷೆ ಬೇಡ ಎಂದಿತು. ಮಕ್ಕಳ ರಿಕೆಟ್ಸ್, ದೊಡ್ಡವರ ಮೂಳೆ ಮೆದುವಾಗುವ ಕಾಯಿಲೆಗೆ ಡಿ ಕೊರತೆ ಕಾರಣ ಎನ್ನುವುದರಲ್ಲಿ ಮಾತ್ರ ಎರಡು ಮಾತಿಲ್ಲ.

ವೈದ್ಯರ ಬಳಿ ಹೋಗುವ ಮುನ್ನ

ಸ್ಪಿರುಲಿನಾ ಪುಡಿಯಲ್ಲಿ ಬಿ12 ಭರಪೂರ ಎಂಬ ಜಾಹೀರಾತು ನಂಬಿ ಹಣ ಹಾಕಬೇಡಿ. ಅದರಲ್ಲಿರುವುದು ಬಹುಪಾಲು ನಮ್ಮ ದೇಹಕ್ಕೆ ಉಪಯೋಗಕ್ಕೆ ಬಾರದ ನಕಲಿ ರೂಪ. ಇಡ್ಲಿ ಹಿಟ್ಟು ಹುದುಗಿದರೆ ಬಿ12 ಸಿಗುತ್ತದೆ ಎಂಬ ಮಾತನ್ನು ನೆಚ್ಚಿಕೊಳ್ಳುವಷ್ಟು ಪುರಾವೆಯೂ ಇಲ್ಲ. ಪೂರ್ತಿ ಸಸ್ಯಾಹಾರಿಗಳಿಗೆ ಹಾಲು, ಮೊಸರು, ಅದೂ ಬೇಡವೆನ್ನುವವರಿಗೆ ಮಾತ್ರೆಯೇ ಗತಿ.

ನಿಮ್ಮ ರಿಪೋರ್ಟ್ ಜತೆಗೆ ನೀವು ದಿನಾ ನುಂಗುವ ಎಲ್ಲ ಮಾತ್ರೆಗಳ ಚೀಟಿ ಒಯ್ಯಿರಿ. ಶುಗರ್, ಗ್ಯಾಸ್, ಕೂದಲಿನ ಮಾತ್ರೆ ಯಾವುದನ್ನೂ ಬಿಡಬೇಡಿ. ಹೊಟ್ಟೆ ಅಥವಾ ಕರುಳಿನ ಆಪರೇಷನ್ ಆಗಿದ್ದರೆ ಹೇಳಿ. ಮೆಡಿಕಲ್ ಶಾಪ್‌ನವರ ಮಾತು ಕೇಳಿ ಬಿ12 ಇಂಜೆಕ್ಷನ್ ಚುಚ್ಚಿಸಿಕೊಂಡು ಆಮೇಲೆ ವೈದ್ಯರ ಬಳಿ ಹೋಗುವವರು ಬಹಳ. ಇಂಜೆಕ್ಷನ್ ಆದ ಮೇಲೆ ಸಂಖ್ಯೆ ಮೇಲೇರಿಬಿಡುತ್ತದೆ, ಮೂಲ ಕೊರತೆ ಎಷ್ಟಿತ್ತು, ಯಾಕಿತ್ತು ಎಂದು ಪತ್ತೆ ಮಾಡುವುದು ಕಷ್ಟ. ಬೇಕಾದ ರಕ್ತದ ಸ್ಯಾಂಪಲ್ ಮೊದಲೇ ಕೊಟ್ಟಿರುವುದು ಒಳ್ಳೆಯದು. ಆದರೆ ನಡೆಯುವಾಗ ತೂರಾಡುವುದು, ಪಾದ ನೆಲಕ್ಕೆ ತಾಗಿದ್ದು ತಿಳಿಯದಿರುವುದು, ಹೊಸದಾಗಿ ಮರೆವು ಶುರುವಾಗಿರುವುದು ಕಂಡರೆ ಸ್ಯಾಂಪಲ್ ಕೊಟ್ಟ ದಿನವೇ ಚಿಕಿತ್ಸೆ ಶುರುವಾಗಬೇಕು, ರಿಪೋರ್ಟ್ ಬರುವವರೆಗೂ ಕಾಯಬಾರದು.